ಪಂಚಾಯತ್ ಕಾನೂನಿಗೆ ಸಂವಿಧಾನದ ಕಾಲಮಿತಿ

ಸಂವಿಧಾನದ 73ನೇ ತಿದ್ದುಪಡಿಯು ದಿನಾಂಕ 24-04-1993ರಂದು ಜಾರಿಗೆ ಬಂದಿತು. ಅದಕ್ಕೆ ಅಸಂಗತವಾದ ಹಳೆಯ ಪಂಚಾಯತ್ ಕಾನೂನುಗಳನ್ನು ಬದಲಾಯಿಸಲು 243ಎನ್ ಅನುಚ್ಛೇದವು ರಾಜ್ಯಗಳಿಗೆ ಒಂದು ವರ್ಷದ ಕಾಲಾವಕಾಶ ನೀಡಿತ್ತು. ಇದನ್ನು ವಿಸ್ತರಿಸುವ ಅಧಿಕಾರ ರಾಜ್ಯಗಳಿಗೆ ಇರಲಿಲ್ಲ. ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ದಿನಾಂಕ 10-05-1993ರಿಂದಲೇ ಜಾರಿಗೆ ಬಂದಿತು.

ಅದೇ ರೀತಿ 243ಇ ಅನುಚ್ಛೇದದನ್ವಯ, ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರವೂ ಸೇರಿದಂತೆ ಯಾವುದೇ ಗ್ರಾಮ ಪಂಚಾಯತಿಯ ಅವಧಿಯು 5 ವರ್ಷಗಳನ್ನು ಮೀರುವಂತಿಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ಚುನಾವಣೆಯನ್ನು ಮುಂದೂಡಿದಾಗಲೂ ಸದಸ್ಯರ ಅವಧಿಯನ್ನು ವಿಸ್ತರಿಸದೆ ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು. ಆ ವರ್ಷದ ಡಿಸೆಂಬರ್ 22 ಮತ್ತು 27ರಂದು ಮತದಾನ ನಡೆಯಿತು. ಸದಸ್ಯರ ಅವಧಿ ಮುಗಿದರೂ ಪಂಚಾಯತಿ ಕಛೇರಿ ಮುಚ್ಚುವುದಿಲ್ಲ. ಸಾರ್ವಜನಿಕರು ತಮ್ಮ ಅರ್ಜಿಗಳನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ ಸಲ್ಲಿಸಬಹುದಾಗಿದೆ.