‘ಗೇಮ್ ಓವರ್’ ಆದ ಮೇಲಿನ ಪ್ರಶ್ನೆಗಳು

ವಿಡಿಯೊ ಗೇಮ್‌ಗಳಲ್ಲಿ ಸತ್ತವರು ಮರುಕ್ಷಣವೇ ಎದ್ದು ಓಡುತ್ತಾರೆ. ಹದಿಹರೆಯದವರು ದಿನಕ್ಕೆ ಎಷ್ಟೋ ಸಲ ಹೀಗೆ ಸತ್ತು ಬದುಕಿದರೂ ಸಾವಿನ ಬಗ್ಗೆ ಮಾತು ಹುಟ್ಟುವುದಿಲ್ಲ. ಇತ್ತ ಮನೆಯಲ್ಲಿ ಅಜ್ಜಿ ತೀರಿಕೊಂಡರೆ ‘ಮಕ್ಕಳು ಆಚೆ ಹೋಗಿ’ ಎನ್ನುತ್ತೇವೆ. ಅವರ ಪ್ರಶ್ನೆಗಳು ಮನಸ್ಸಿನಲ್ಲೇ ಉಳಿಯುತ್ತವೆ. ಸಾವನ್ನೇ ವಸ್ತುವಾಗಿಸಿಕೊಂಡ ಕೆಲವು ಗೇಮ್‌ಗಳು ಆ ಮಾತನ್ನು ಶುರುಮಾಡಿಸಬಲ್ಲವು.

ಕೆನಡಾದ ಥಂಡರ್ ಲೋಟಸ್ ಸಂಸ್ಥೆಯ ‘ಸ್ಪಿರಿಟ್‌ಫೇರರ್’ (2020) ಅಂಥದ್ದು. ಸತ್ತವರನ್ನು ಆಚೆ ದಡಕ್ಕೆ ಒಯ್ಯುವ ಗ್ರೀಕ್ ಪುರಾಣದ ಅಂಬಿಗ ಕ್ಯಾರನ್‌ನ ಕೆಲಸ ಇಲ್ಲಿ ಸ್ಟೆಲ್ಲಾ ಎಂಬ ಹುಡುಗಿಗೆ ಬಂದಿದೆ. ಸ್ಟೆಲ್ಲಾ ಆಗಿ ಆಡುವವರು ದೋಣಿ ಹತ್ತಿದವರಿಗೆ ಇಷ್ಟದ ಅಡುಗೆ ಬಡಿಸಬೇಕು, ಅಪ್ಪಿಕೊಳ್ಳಬೇಕು, ಅವರು ಸಿದ್ಧರಾದಾಗ ಬೀಳ್ಕೊಡಬೇಕು. ಊಟವೆಂದರೆ ಪ್ರಾಣ ಬಿಡುವ ಅತುಲ್ ಮಾತ್ರ ಒಂದು ದಿನ ಹೇಳದೆ ಕೇಳದೆ ಹೊರಟುಹೋಗುತ್ತಾನೆ. ಆಟ ನಿಲ್ಲಿಸಿ ಕೇಳಬೇಕಾದದ್ದು ಅಲ್ಲೇ: ವಿದಾಯ ಬೇಕಾಗಿರುವುದು ಹೋಗುವವರಿಗೋ, ಉಳಿಯುವವರಿಗೋ? ಮರೆವು ಕವಿದ ಆಲಿಸ್ ಎಂಬ ಅಜ್ಜಿ ಸ್ಟೆಲ್ಲಾಳನ್ನೇ ಆನಿ ಎಂಬ ಬೇರೊಬ್ಬಳೆಂದು ತಿಳಿದು ಮಾತಾಡಿಸತೊಡಗುತ್ತಾಳೆ. ನೆನಪೆಲ್ಲ ಹೋದ ಮೇಲೂ ಆಕೆ ಅದೇ ಆಲಿಸ್ ತಾನೆ?

‘ದಟ್ ಡ್ರ್ಯಾಗನ್, ಕ್ಯಾನ್ಸರ್’ (2016) ನಿಜ ಬದುಕಿನದು. ಐದನೇ ವಯಸ್ಸಿಗೆ ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡ ಜೋಯಲ್‌ನ ಕಥೆಯನ್ನು ಅವನ ಅಪ್ಪ-ಅಮ್ಮ, ಅಮೆರಿಕದ ರಯಾನ್ ಮತ್ತು ಏಮಿ ಗ್ರೀನ್, ಗೇಮ್ ಆಗಿಸಿದರು. ಆಸ್ಪತ್ರೆಯ ಕೋಣೆಯಲ್ಲಿ ಮಗು ಅಳುತ್ತದೆ. ಜ್ಯೂಸ್ ಕೊಟ್ಟರೂ ಎತ್ತಿಕೊಂಡರೂ ಸುಮ್ಮನಾಗದು. ಆಡುವವರ ಬೆರಳು ಏನು ಒತ್ತಿದರೂ ವ್ಯರ್ಥ. ಗೆಲ್ಲಲು ಕಲಿತ ಕೈಗೆ ಆ ಅಸಹಾಯಕತೆ ತಾಗಿದಾಗ, ಮುಗ್ಧರಿಗೇಕೆ ನೋವು, ದೇವರು ಎಲ್ಲಿದ್ದಾನೆ ಎಂಬ ಪ್ರಶ್ನೆ ಪಠ್ಯಪುಸ್ತಕದ್ದಾಗಿ ಉಳಿಯದೆ ಸ್ವಂತದ್ದಾಗುತ್ತದೆ.

ಹಿರಿಯರು ಪಕ್ಕದಲ್ಲಿ ಕೂತು ಜೊತೆಗೇ ಆಡಬೇಕು. ಒಂದು ಭಾಗ ಮುಗಿದೊಡನೆ ಮಾತಾಡಬೇಕು. ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ, ಆದ್ದರಿಂದ ಭಯವೇಕೆ ಎಂದು ವಾದಿಸಿದ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್‌ನನ್ನು ಆಗ ಪರಿಚಯಿಸಬಹುದು. ಅತುಲ್‌ನನ್ನು ಕಳೆದುಕೊಂಡವರು ಸುಮ್ಮನೆ ಒಪ್ಪಲಾರರು: ನನ್ನ ಸಾವಿಗೆ ಅದು ಸರಿ, ನನ್ನವರ ಸಾವಿಗೆ? ಆ ತಕರಾರಿನಿಂದಲೇ ತತ್ತ್ವಚಿಂತನೆ ಆರಂಭ.

ಒಂದು ಎಚ್ಚರ. ಈಚೆಗೆ ಆಪ್ತರನ್ನು ಕಳೆದುಕೊಂಡ ಮಕ್ಕಳ ಮೇಲೆ ಇಂಥ ಆಟ ಹೇರಬಾರದು. ಸಾಯುವ ಮಾತಾಡುವ ಮಗುವಿಗೆ ಬೇಕಾದದ್ದು ತಕ್ಷಣದ ನೆರವು. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಳಿದ ಮಕ್ಕಳ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳೋಣ. ಆದರೆ ಅವರನ್ನು ಆಚೆ ಕಳಿಸುವುದು ಬೇಡ.