ಬ್ರಯಾನ್ ಕೋಡಿ

ಬ್ರಯಾನ್ ಕೋಡಿ (ಜನನ: ಜುಲೈ 12, 1954) ಐರ್ಲೆಂಡಿನ ಹರ್ಲಿಂಗ್ ಕ್ರೀಡೆಯ ಮಾಜಿ ಆಟಗಾರರು ಹಾಗೂ ಆ ಕ್ರೀಡೆಯ ಅತ್ಯಂತ ಯಶಸ್ವಿ ಮ್ಯಾನೇಜರ್. 1998ರ ಕೊನೆಯಲ್ಲಿ ಕಿಲ್ಕೆನ್ನಿ ಕೌಂಟಿ ತಂಡದ ಹೊಣೆ ಹೊತ್ತ ಅವರು 2022ರವರೆಗೆ, ಒಟ್ಟು 24 ಋತುಗಳ ಕಾಲ, ಆ ಸ್ಥಾನದಲ್ಲಿದ್ದರು. ಈ ಅವಧಿಯಲ್ಲಿ ಕಿಲ್ಕೆನ್ನಿ 11 ಬಾರಿ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಗೆದ್ದಿತು. ವೃತ್ತಿಯಿಂದ ಕೋಡಿಯವರು ಪ್ರಾಥಮಿಕ ಶಾಲಾ ಶಿಕ್ಷಕರಾಗಿದ್ದರು.

ಹರ್ಲಿಂಗ್ ಕ್ರೀಡೆ

ಹರ್ಲಿಂಗ್ ಐರ್ಲೆಂಡಿನ ಪ್ರಾಚೀನ ಆಟ. ಪ್ರತಿ ತಂಡದಲ್ಲಿ 15 ಮಂದಿ. ಆಷ್ ಮರದಿಂದ ಮಾಡಿದ, ತುದಿಯಲ್ಲಿ ಬಾಗಿ ಅಗಲವಾಗಿರುವ ದಾಂಡಿನಿಂದ ಚರ್ಮದ ಹೊದಿಕೆಯ ಸಣ್ಣ ಚೆಂಡನ್ನು ಹೊಡೆಯುತ್ತಾರೆ. ಈ ದಾಂಡಿಗೆ ಐರಿಷ್ ಭಾಷೆಯಲ್ಲಿ 'ಕಮಾನ್' ಎಂದು ಹೆಸರು. ಪಾರಸಿಯಿಂದ ಕನ್ನಡಕ್ಕೆ ಬಂದ 'ಕಮಾನು' ಪದವನ್ನು ನೆನಪಿಸುವ ಈ ಹೆಸರು ಅದರ ಬಾಗಿದ ಆಕಾರಕ್ಕೂ ಒಪ್ಪುವಂತಿದೆ. ನೋಡುವವರಿಗೆ ಹಾಕಿಯಂತೆ ಕಂಡರೂ ಇಲ್ಲಿ ಚೆಂಡನ್ನು ನೆಲದಿಂದ ಎತ್ತಿ, ಕೈಯಲ್ಲಿ ಹಿಡಿದು, ಗಾಳಿಯಲ್ಲೇ ಬಾರಿಸಬಹುದು. ಗೋಲು ಕಂಬಗಳು ಇಂಗ್ಲಿಷಿನ 'ಎಚ್' ಅಕ್ಷರದ ಆಕಾರದಲ್ಲಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಅದಕ್ಕೆ ಮೂರು ಅಂಕ. ಮೇಲೆ ಹಾದುಹೋದರೆ ಒಂದು ಅಂಕ. ಆದ್ದರಿಂದ 3-30 ಎಂದು ಬರೆದಿದ್ದರೆ ಮೂರು ಗೋಲು ಮತ್ತು ಮೂವತ್ತು ಅಂಕ, ಅಂದರೆ ಒಟ್ಟು 39 ಎಂದು ಓದಿಕೊಳ್ಳಬೇಕು.

1884ರಲ್ಲಿ ಸ್ಥಾಪನೆಗೊಂಡ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಈ ಕ್ರೀಡೆಯನ್ನು ನಡೆಸುತ್ತದೆ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 80,000ಕ್ಕೂ ಹೆಚ್ಚು ಪ್ರೇಕ್ಷಕರ ಎದುರು ಫೈನಲ್ ಪಂದ್ಯ ನಡೆದರೂ ಆಟಗಾರರಿಗೆ ವೇತನವಿಲ್ಲ. ಭಾನುವಾರ ಇಡೀ ದೇಶವೇ ನೋಡುವ ಪಂದ್ಯವನ್ನು ಆಡಿದವರು ತಮ್ಮ ತಮ್ಮ ಉದ್ಯೋಗಕ್ಕೆ ಮರಳುತ್ತಾರೆ. ಆಟಗಾರನು ಸಾಮಾನ್ಯವಾಗಿ ತನ್ನ ಊರಿನ ಕ್ಲಬ್ಬಿಗೂ ತನ್ನ ಕೌಂಟಿಗೂ ಆಡುತ್ತಾನೆ. ಹಣ ಕೊಟ್ಟು ಆಟಗಾರರನ್ನು ಕೊಳ್ಳುವ ಪದ್ಧತಿ ಇಲ್ಲಿಲ್ಲ. ಕೋಡಿಯವರ ಸಾಧನೆಯನ್ನು ವೃತ್ತಿಪರ ಫುಟ್‌ಬಾಲ್ ತರಬೇತುದಾರರ ಸಾಧನೆಯೊಡನೆ ಹೋಲಿಸುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಆಟಗಾರನಾಗಿ

ಕೋಡಿ ಕಿಲ್ಕೆನ್ನಿ ನಗರದ ಸಮೀಪದ ಶೀಸ್‌ಟೌನಿನವರು. ಹರ್ಲಿಂಗಿಗೆ ಹೆಸರಾದ ಸೇಂಟ್ ಕೀರನ್ಸ್ ಕಾಲೇಜಿನಲ್ಲಿ ಓದಿದರು. ಜೇಮ್ಸ್ ಸ್ಟೀಫನ್ಸ್ ಕ್ಲಬ್ಬಿಗೆ ಆಡಿದರು. 1972ರಲ್ಲಿ ಅಖಿಲ ಐರ್ಲೆಂಡ್ ಕಿರಿಯರ ಪ್ರಶಸ್ತಿ ಗೆದ್ದ ಕಿಲ್ಕೆನ್ನಿ ತಂಡಕ್ಕೆ ಅವರೇ ನಾಯಕ. 1975ರಲ್ಲಿ ಗಾಲ್ವೇಯನ್ನು ಸೋಲಿಸಿದ ಹಿರಿಯರ ತಂಡದಲ್ಲೂ ಅವರಿದ್ದರು. ಮರುವರ್ಷ ಅವರ ಕ್ಲಬ್ಬು ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿಯನ್ನು ಪಡೆಯಿತು.

1978 ಅವರ ಬಾಳಿನ ಕಹಿ ವರ್ಷ. ಸ್ವಭಾವತಃ ರಕ್ಷಣಾ ಆಟಗಾರರಾದ ಅವರನ್ನು ಆ ವರ್ಷ ಮುಂಚೂಣಿಯಲ್ಲಿ ಆಡಿಸಲಾಯಿತು. ಫೈನಲಿನಲ್ಲಿ ಕಾರ್ಕ್ ಎದುರು ಕಿಲ್ಕೆನ್ನಿ ಸೋತಿತು. ತಂಡ ಊರಿಗೆ ಮರಳಿದಾಗ ಸ್ವಂತ ಕೌಂಟಿಯ ಅಭಿಮಾನಿಗಳೇ ಕೋಡಿಯವರನ್ನು ಕೂಗಿ ಅವಮಾನಿಸಿದರು. ಆಗ ಅವರಿಗೆ 24 ವರ್ಷ. ಜನರ ಮೆಚ್ಚುಗೆಯನ್ನಾಗಲಿ ತೆಗಳಿಕೆಯನ್ನಾಗಲಿ ಲೆಕ್ಕಕ್ಕಿಡದ ಅವರ ಮುಂದಿನ ಧೋರಣೆಯ ಹಿಂದೆ ಈ ಪ್ರಸಂಗದ ನೆರಳಿದೆ ಎಂದು ಊಹಿಸಿದರೆ ತಪ್ಪಾಗಲಾರದು. ನಾಲ್ಕು ವರ್ಷಗಳ ನಂತರ, 1982ರಲ್ಲಿ, ಅದೇ ಕಾರ್ಕ್ ತಂಡವನ್ನು ಕಿಲ್ಕೆನ್ನಿ 3-18, 1-13ರಿಂದ ಮಣಿಸಿತು. ರಕ್ಷಣಾ ಪಂಕ್ತಿಯ ನಡುವೆ ನಿಂತು ಆಡಿದ ಕೋಡಿ ನಾಯಕನಾಗಿ ಲಿಯಮ್ ಮೆಕಾರ್ಥಿ ಕಪ್ಪನ್ನು ಎತ್ತಿಹಿಡಿದರು. 1983ರಲ್ಲೂ ಕಾರ್ಕ್ ವಿರುದ್ಧವೇ ಗೆಲುವು ದೊರೆಯಿತು.

ಮ್ಯಾನೇಜರ್ ಆಗಿ

ಹರ್ಲಿಂಗಿನಲ್ಲಿ ಮ್ಯಾನೇಜರ್ ಎಂದರೆ ತರಬೇತಿಯ ಜೊತೆಗೆ ತಂಡದ ಆಯ್ಕೆಯ ಹೊಣೆಯನ್ನೂ ಹೊತ್ತವರು. ಕೋಡಿಯವರ ಮೊದಲ ಋತುವಿನಲ್ಲಿ, 1999ರಲ್ಲಿ, ಕಿಲ್ಕೆನ್ನಿ ಫೈನಲಿನಲ್ಲಿ ಕಾರ್ಕ್‌ಗೆ ಒಂದೇ ಅಂಕದಿಂದ ಸೋತಿತು. ಮರುವರ್ಷ ಆಫಲಿ ತಂಡವನ್ನು 5-15, 1-14ರ ಭಾರಿ ಅಂತರದಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. 2002 ಮತ್ತು 2003ರಲ್ಲೂ ಗೆಲುವು ಕಿಲ್ಕೆನ್ನಿಯದೇ.

ಅವರ ಆಯ್ಕೆಯ ರೀತಿ 2003ರಲ್ಲಿ ವಿವಾದಕ್ಕೆ ಕಾರಣವಾಯಿತು. ಆಗ ಕಿಲ್ಕೆನ್ನಿಯಲ್ಲಿ ಕೌಂಟಿ ತಂಡದ ನಾಯಕನನ್ನು ಹಿಂದಿನ ವರ್ಷದ ವಿಜೇತ ಕ್ಲಬ್ಬು ಸೂಚಿಸುತ್ತಿತ್ತೇ ಹೊರತು ಮ್ಯಾನೇಜರ್ ಅಲ್ಲ. ಹಾಗೆ ನಾಯಕರಾದ ಚಾರ್ಲಿ ಕಾರ್ಟರ್ ಅವರಿಗೆ ಆಡುವ ಹದಿನೈದರಲ್ಲಿ ಸ್ಥಾನ ಸಿಗಲಿಲ್ಲ. ಋತುವಿನ ನಡುವೆಯೇ ಅವರು ತಂಡ ತೊರೆದರು. ಅವರದೇ ಕ್ಲಬ್ಬಿನ ಡಿ. ಜೆ. ಕ್ಯಾರಿ ನಾಯಕರಾಗಿ ಕಪ್ಪನ್ನು ಪಡೆದರು. ಹಳೆಯ ಕೀರ್ತಿಯಾಗಲಿ ನಾಯಕನ ಪಟ್ಟವಾಗಲಿ ಸ್ಥಾನಕ್ಕೆ ಆಧಾರವಲ್ಲ, ಅಭ್ಯಾಸದಲ್ಲಿ ತೋರುವ ಆಟವೇ ಆಧಾರ ಎಂಬುದು ಕೋಡಿಯವರ ನಿಲುವು. ನೋಲನ್ ಪಾರ್ಕಿನಲ್ಲಿ ನಡೆಯುತ್ತಿದ್ದ ಅಭ್ಯಾಸ ಪಂದ್ಯಗಳಲ್ಲಿ ಅವರೇ ಸೀಟಿ ಹಿಡಿದು ನಿಲ್ಲುತ್ತಿದ್ದರು, ಆದರೆ ಊದುತ್ತಿದ್ದುದು ಅಪರೂಪ. ಆ ಪಂದ್ಯಗಳು ನಿಜವಾದ ಪಂದ್ಯಗಳಿಗಿಂತ ಕಠಿಣವಾಗಿದ್ದವು ಎಂದು ಆಡಿದವರು ಹಲವರು ಹೇಳಿದ್ದಾರೆ.

2004ರ ಫೈನಲಿನಲ್ಲಿ ಕಾರ್ಕ್ ತಂಡ ಚಿಕ್ಕ ಪಾಸುಗಳ, ಓಟದ ಆಟದಿಂದ ಕಿಲ್ಕೆನ್ನಿಯನ್ನು ಕೇವಲ ಒಂಬತ್ತು ಅಂಕಗಳಿಗೆ ಕಟ್ಟಿಹಾಕಿತು. ಮೂರನೆಯ ಸತತ ಪ್ರಶಸ್ತಿಗಾಗಿ ಹೊರಟಿದ್ದ ಕಾರ್ಕ್‌ಗೆ 2006ರಲ್ಲಿ ಇದರ ಉತ್ತರ ದೊರೆಯಿತು. ಚೆಂಡು ಹಿಡಿದವನನ್ನು ಇಬ್ಬರು ಮೂವರು ಒಟ್ಟಿಗೆ ಸುತ್ತುವರಿಯುವುದು, ಎದುರಾಳಿ ಬೀಸುವ ದಾಂಡಿಗೆ ಹಿಂದಿನಿಂದ ತನ್ನ ದಾಂಡನ್ನು ಕೊಕ್ಕೆ ಹಾಕಿ ತಡೆಯುವುದು, ಮುಂಚೂಣಿಯವರೂ ರಕ್ಷಕರಂತೆ ದುಡಿಯುವುದು: ಇವು ಆ ದಿನದ ಆಟದ ಲಕ್ಷಣಗಳು. ಫಲಿತಾಂಶ 1-16, 1-13. ಇಲ್ಲಿಂದ ಆರಂಭವಾದ ನಾಲ್ಕು ಸತತ ಪ್ರಶಸ್ತಿಗಳು (2006-2009) 1941-44ರ ಕಾರ್ಕ್ ದಾಖಲೆಯನ್ನು ಸರಿಗಟ್ಟಿದವು. ಇವುಗಳ ಶಿಖರ 2008ರ ಫೈನಲ್. ವಾಟರ್‌ಫರ್ಡ್ ವಿರುದ್ಧ 3-30, 1-13. ಅಂತರ 23 ಅಂಕ. ಅಷ್ಟು ಏಕಪಕ್ಷೀಯ ಪಂದ್ಯ ನೋಡುಗರಿಗೆ ರಸವತ್ತಾಗಿತ್ತೇ ಎಂಬ ಪ್ರಶ್ನೆ ಬೇರೆ.

ಐದನೆಯದು ಕೈಗೂಡಲಿಲ್ಲ. 2010ರ ಫೈನಲಿಗೆ ಮೊಣಕಾಲಿನ ಗಾಯದಿಂದ ಬಳಲುತ್ತಿದ್ದ ಹೆನ್ರಿ ಶೆಫ್ಲಿನ್ ಅವರನ್ನು ಕೋಡಿ ಕಣಕ್ಕಿಳಿಸಿದರು. ಕಾಲು ಗಂಟೆಯೊಳಗೆ ಶೆಫ್ಲಿನ್ ಹೊರನಡೆಯಬೇಕಾಯಿತು. ಟಿಪ್ಪರರಿಯ ಲಾರ್ ಕಾರ್ಬೆಟ್ ಮೂರು ಗೋಲು ಹೊಡೆದರು. ಆದರೂ 2011, 2012, 2014 ಮತ್ತು 2015ರಲ್ಲಿ ಕಪ್ಪು ಮತ್ತೆ ಕಿಲ್ಕೆನ್ನಿಗೆ ಬಂತು. 2014ರ ಫೈನಲ್ ಟಿಪ್ಪರರಿಯೊಂದಿಗೆ ಸಮವಾದಾಗ ಮರುಪಂದ್ಯಕ್ಕೆ ಕೋಡಿ ತಂಡವನ್ನು ಬದಲಿಸಿದರು. ಹೊಸದಾಗಿ ಸೇರಿಸಿಕೊಂಡ ಜಾನ್ ಪವರ್ ಮತ್ತು ಅವರ ಅಣ್ಣ ರಿಚಿ ಪವರ್ ತಲಾ ಒಂದು ಗೋಲು ಗಳಿಸಿದರು. ಗೆಲುವು ಮೂರು ಅಂಕಗಳದು. ಆ ಋತುವಿನಲ್ಲಿ ಹೆಚ್ಚಾಗಿ ಬದಲಿ ಆಟಗಾರರ ಸಾಲಿನಲ್ಲಿ ಕುಳಿತಿದ್ದ ಶೆಫ್ಲಿನ್ ಅವರಿಗೆ ಅದು ಹತ್ತನೆಯ ಪದಕ.

ಕೊನೆಯ ವರ್ಷಗಳು

2015ರ ನಂತರ ಅಖಿಲ ಐರ್ಲೆಂಡ್ ಪ್ರಶಸ್ತಿ ಒಲಿಯಲಿಲ್ಲ. 2016 ಮತ್ತು 2019ರ ಫೈನಲುಗಳಲ್ಲಿ ಟಿಪ್ಪರರಿ ಗೆದ್ದಿತು. ಲೆನ್ಸ್ಟರ್ ಪ್ರಾಂತೀಯ ಪ್ರಶಸ್ತಿಗಳು ಮಾತ್ರ 2020ರಿಂದ 2022ರವರೆಗೆ ಸತತವಾಗಿ ಬಂದು ಕೋಡಿಯವರ ಲೆಕ್ಕ 18ಕ್ಕೇರಿತು. 2022ರಲ್ಲಿ ಗಾಲ್ವೇ ತಂಡದ ಮ್ಯಾನೇಜರ್ ಆಗಿ ಎದುರು ನಿಂತವರು ಅವರ ಶಿಷ್ಯ ಶೆಫ್ಲಿನ್. ಸಾಲ್ಟ್‌ಹಿಲ್‌ನಲ್ಲಿ ಗಾಲ್ವೇ ಗೆದ್ದ ಪಂದ್ಯದ ಕೊನೆಗೆ ಇಬ್ಬರ ನಡುವಿನ ಬಿಗುವಿನ ಕೈಕುಲುಕಾಟ ಪಂದ್ಯಕ್ಕಿಂತ ಹೆಚ್ಚು ಚರ್ಚೆಯಾಯಿತು. ಆ ವರ್ಷದ ಲೆನ್ಸ್ಟರ್ ಫೈನಲಿನಲ್ಲಿ ಕಿಲ್ಕೆನ್ನಿ ಗಾಲ್ವೇಯನ್ನು ಮಣಿಸಿತು.

2022ರ ಜುಲೈನಲ್ಲಿ ನಡೆದ ಅಖಿಲ ಐರ್ಲೆಂಡ್ ಫೈನಲಿನಲ್ಲಿ ಲಿಮರಿಕ್ 1-31, 2-26ರಿಂದ, ಎರಡೇ ಅಂಕಗಳ ಅಂತರದಲ್ಲಿ, ಗೆದ್ದಿತು. ಅದಾದ ಒಂದು ವಾರದೊಳಗೆ ಕೋಡಿ ಸ್ಥಾನ ತ್ಯಜಿಸಿದರು. ಅವರ ತಂಡಗಳಲ್ಲಿ ಆಡಿ ಆರು ಪದಕ ಗಳಿಸಿದ್ದ ಡೆರೆಕ್ ಲಿಂಗ್ ಉತ್ತರಾಧಿಕಾರಿಯಾಗಿ ನೇಮಕಗೊಂಡರು.