ಕ್ಸೆನಾನ್ ಅನಿಲದ ಸಂಯುಕ್ತಗಳೂ ಉಪಯೋಗಗಳೂ

ನಾವು ಉಸಿರಾಡುವ ಗಾಳಿಯ ಸುಮಾರು 1 ಕೋಟಿ 15 ಲಕ್ಷ ಪಾಲಿನಲ್ಲಿ ಒಂದು ಪಾಲು ಮಾತ್ರ ಕ್ಸೆನಾನ್ ಇರುತ್ತದೆ. 1898ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಎಂಬ ವಿಜ್ಞಾನಿಗಳು ದ್ರವೀಕರಿಸಿದ ಗಾಳಿಯಿಂದ ಪಡೆದ ಕ್ರಿಪ್ಟಾನನ್ನು ಮತ್ತೆ ಮತ್ತೆ ಶೋಧಿಸುತ್ತಿದ್ದಾಗ, ಕೊನೆಗೆ ಉಳಿದ ಅಲ್ಪಾಂಶದಲ್ಲಿ ಇದನ್ನು ಕಂಡುಹಿಡಿದರು. ಅವರಿಟ್ಟ ಹೆಸರಿಗೆ ಗ್ರೀಕ್ ಭಾಷೆಯಲ್ಲಿ 'ಅಪರಿಚಿತ' ಎಂದು ಅರ್ಥ. ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್‌ಗಳ ಸಾಲಿಗೆ ಸೇರಿದ ಈ ಅನಿಲಕ್ಕೂ ಜಡಾನಿಲವೆಂಬ ಹೆಸರೇ ಅಂಟಿಕೊಂಡಿತು.

ಆ ಹೆಸರು ನಿರಾಧಾರವಾದುದೇನಲ್ಲ. ಮೂಲವಸ್ತುಗಳಲ್ಲೆಲ್ಲ ಅತ್ಯಂತ ಉಗ್ರವಾದ ಫ್ಲೂರಿನ್ನನ್ನು ಮೊದಲು ಬೇರ್ಪಡಿಸಿದ ಆನ್ರಿ ಮ್ವಾಸಾನ್, 1895ರಲ್ಲಿ ರಾಮ್ಸೆ ಕಳುಹಿಸಿದ ಆರ್ಗಾನಿನೊಡನೆ ಅದನ್ನು ಕೂಡಿಸಲು ಯತ್ನಿಸಿ ವಿಫಲನಾಗಿದ್ದನು. ಅನಂತರ ಬಂದ ಎಲೆಕ್ಟ್ರಾನ್ ಸಿದ್ಧಾಂತವು, ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳನ್ನು ಪಡೆದ ಪರಮಾಣುವಿಗೆ ಇನ್ನೊಂದರ ಹಂಗಿಲ್ಲವೆಂದು ವಿವರಿಸಿತು. ಮೊದಲು ಪ್ರಯೋಗದಿಂದ ತಿಳಿದುಬಂದ ಸಂಗತಿಗೆ ಹೀಗೆ ಸಿದ್ಧಾಂತದ ಬೆಂಬಲ ದೊರೆಯಿತು; ದೊರೆತ ಮೇಲೆ ಪ್ರಯೋಗಗಳೇ ವಿರಳವಾದವು. 1933ರಲ್ಲಿ ಲೈನಸ್ ಪಾಲಿಂಗ್, ಕ್ಸೆನಾನಿನ ಪರಮಾಣು ದೊಡ್ಡದಾದುದರಿಂದ ಅದರ ಹೊರ ಎಲೆಕ್ಟ್ರಾನುಗಳ ಹಿಡಿತ ಸಡಿಲವೆಂದೂ, ಫ್ಲೂರಿನ್ನಿನೊಡನೆ ಅದರ ಸಂಯುಕ್ತ ಸಾಧ್ಯವೆಂದೂ ಊಹಿಸಿದ್ದುಂಟು. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಯಾಸ್ಟ್ ಮತ್ತು ಕೇ ಎಂಬಿಬ್ಬರು ಈ ಅನಿಲಗಳ ಮಿಶ್ರಣದಲ್ಲಿ ವಿದ್ಯುತ್ತನ್ನು ಹರಿಸಿ ನೋಡಿದರೂ ನಿಶ್ಚಿತವಾದ ಫಲ ಕೈಗೆ ಬರಲಿಲ್ಲ. ಬಿಸಿಲಿನಲ್ಲಿ ಇಟ್ಟರೂ ಇವೆರಡೂ ಕೂಡುತ್ತವೆ ಎಂಬುದನ್ನು ಈಗ ಬಲ್ಲ ನಮಗೆ ಇದು ಸೋಜಿಗವೆನಿಸುತ್ತದೆ. ಮುಂದೆ ಸುಮಾರು ಮೂವತ್ತು ವರ್ಷ ಈ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಕೈಗೆತ್ತಿಕೊಳ್ಳಲಿಲ್ಲ.

ಅದು ಮತ್ತೆ ಎದ್ದದ್ದು ಬೇರೊಂದು ದಾರಿಯಿಂದ. ಕೆನಡದ ವ್ಯಾಂಕೂವರಿನಲ್ಲಿದ್ದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ನೀಲ್ ಬಾರ್ಟ್ಲೆಟ್ ಎಂಬ ತರುಣ ಅಧ್ಯಾಪಕನು ಪ್ಲಾಟಿನಂ ಹೆಕ್ಸಫ್ಲೂರೈಡ್ ಎಂಬ ಕಡುಗೆಂಪು ಆವಿಯನ್ನು ಅಭ್ಯಸಿಸುತ್ತಿದ್ದನು. ಅದು ಆಮ್ಲಜನಕದ ಅಣುವಿನಿಂದಲೇ ಒಂದು ಎಲೆಕ್ಟ್ರಾನನ್ನು ಕಸಿದುಕೊಂಡು ಘನ ಲವಣವಾಗುವುದನ್ನು ಅವನು ಕಂಡನು. ಆಮ್ಲಜನಕವು ಇತರ ವಸ್ತುಗಳಿಂದ ಎಲೆಕ್ಟ್ರಾನುಗಳನ್ನು ಸೆಳೆಯುವುದೇ ವಾಡಿಕೆ. ಇಲ್ಲಿ ಅದೇ ಸೆಳೆತಕ್ಕೆ ಸಿಕ್ಕಿತ್ತು. ಉಪನ್ಯಾಸವೊಂದಕ್ಕೆ ಸಿದ್ಧನಾಗುತ್ತಿದ್ದಾಗ ಪಠ್ಯಪುಸ್ತಕದ ನಕ್ಷೆಯೊಂದು ಅವನ ಕಣ್ಣಿಗೆ ಬಿದ್ದಿತು. ಆಮ್ಲಜನಕದ ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ 12.07 ಎಲೆಕ್ಟ್ರಾನ್ ವೋಲ್ಟ್. ಕ್ಸೆನಾನಿಗೆ ಬೇಕಾದುದು 12.13. ವ್ಯತ್ಯಾಸ ಇಷ್ಟೇ. ಈ ಎರಡು ಅಂಕಿಗಳು ರಹಸ್ಯವಾಗಿರಲಿಲ್ಲ. ಅವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿರಲಿಲ್ಲ, ಅಷ್ಟೆ.

1962ರ ಮಾರ್ಚ್ 23ರ ಸಂಜೆ ಬಾರ್ಟ್ಲೆಟ್ ಪ್ರಯೋಗಶಾಲೆಯಲ್ಲಿ ಒಬ್ಬನೇ ಇದ್ದನು. ಎರಡು ಅನಿಲಗಳ ನಡುವಿನ ಗಾಜಿನ ತಡೆಯನ್ನು ಒಡೆದೊಡನೆ, ಸಾಮಾನ್ಯ ಉಷ್ಣತೆಯಲ್ಲಿಯೇ, ಕೆಂಪು ಆವಿ ಮಾಯವಾಗಿ ಕಿತ್ತಳೆ-ಹಳದಿ ಬಣ್ಣದ ಪುಡಿ ಕಾಣಿಸಿತು. ಆ ಪುಡಿಯ ರಚನೆ ಅವನು ಮೊದಲು ಭಾವಿಸಿದಷ್ಟು ಸರಳವಲ್ಲವೆಂದು ಅನಂತರ ತಿಳಿಯಿತು. ಆದರೆ ಮುಖ್ಯ ವಿಷಯದಲ್ಲಿ ಸಂದೇಹ ಉಳಿಯಲಿಲ್ಲ.

ಆ ವರ್ಷವೇ ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯವರು (ಇದು ಅರಣ್ಯವೊಂದರ ಹೆಸರು, ಅನಿಲದ್ದಲ್ಲ) ಕ್ಸೆನಾನ್ ಮತ್ತು ಫ್ಲೂರಿನ್ನುಗಳನ್ನು ನಿಕಲ್ ಪಾತ್ರೆಯಲ್ಲಿ 400 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಕ್ಸೆನಾನ್ ಟೆಟ್ರಫ್ಲೂರೈಡಿನ ಬಣ್ಣವಿಲ್ಲದ ಹರಳುಗಳನ್ನು ಪಡೆದರು. ಡೈಫ್ಲೂರೈಡ್, ಹೆಕ್ಸಫ್ಲೂರೈಡುಗಳು ತಡಮಾಡದೆ ಹಿಂಬಾಲಿಸಿದವು. ಆಮ್ಲಜನಕದೊಡನೆ ಆಗುವ ಟ್ರೈಆಕ್ಸೈಡ್ ಮಾತ್ರ ಅಪಾಯಕಾರಿ; ನೀರಿನಲ್ಲಿ ಕರಗಿರುವಾಗ ಶಾಂತವಾಗಿದ್ದು, ಒಣಗಿದರೆ ಸಿಡಿಯುತ್ತದೆ. 2000ದಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ಚಿನ್ನದ ಪರಮಾಣುವೊಂದಕ್ಕೆ ನಾಲ್ಕು ಕ್ಸೆನಾನ್ ಪರಮಾಣುಗಳು ಅಂಟಿಕೊಂಡ ಅಯಾನನ್ನೂ ತಯಾರಿಸಿ ತೋರಿಸಿದರು.

ಈ ಸಂಯುಕ್ತಗಳಿಂದ ಪುಸ್ತಕಗಳು ಬದಲಾದಷ್ಟು ಕೈಗಾರಿಕೆ ಬದಲಾಗಲಿಲ್ಲವೆಂದೇ ಹೇಳಬೇಕು. ಆದರೂ ಡೈಫ್ಲೂರೈಡು ಉಪಯುಕ್ತವಾದ ವಸ್ತು. ತನ್ನ ಫ್ಲೂರಿನ್ನನ್ನು ಕೊಟ್ಟ ಮೇಲೆ ಕ್ಸೆನಾನ್ ಅನಿಲವಾಗಿ ಹೊರಟುಹೋಗುವುದರಿಂದ ಕಲ್ಮಷ ಉಳಿಯುವುದಿಲ್ಲ. ಸೂಕ್ಷ್ಮ ಯಂತ್ರಭಾಗಗಳ ತಯಾರಿಕೆಯಲ್ಲಿ ಸಿಲಿಕಾನನ್ನು ಕೊರೆಯಲು ಇದನ್ನು ಬಳಸುತ್ತಾರೆ. ಅಸಾಧ್ಯವೆಂದು ಅದುವರೆಗೆ ಕಾರಣಸಹಿತ ವಿವರಿಸಲಾಗುತ್ತಿದ್ದ ಪರ್‌ಬ್ರೋಮೇಟ್ ಲವಣಗಳನ್ನು 1960ರ ದಶಕದ ಕೊನೆಯಲ್ಲಿ ತಯಾರಿಸಲು ನೆರವಾದುದೂ ಇದೇ.

ಉಳಿದ ಉಪಯೋಗಗಳೆಲ್ಲ ಅನಿಲದ ಭಾರ ಮತ್ತು ಸೌಮ್ಯತೆಗಳನ್ನು ಅವಲಂಬಿಸಿವೆ. ಕ್ಸೆನಾನ್ ದೀಪದ ಬೆಳಕು ಸೂರ್ಯನ ಬೆಳಕನ್ನು ಬಹುಮಟ್ಟಿಗೆ ಹೋಲುವುದರಿಂದ, ಚಿತ್ರಮಂದಿರಗಳಲ್ಲಿ ಅದು ಕಾರ್ಬನ್ ಕಡ್ಡಿಗಳ ದೀಪವನ್ನು ಹಿಂದಕ್ಕೆ ತಳ್ಳಿತು. ಬಾಹ್ಯಾಕಾಶದಲ್ಲಿ ಇದರ ಅಯಾನುಗಳನ್ನು ವಿದ್ಯುತ್ಕ್ಷೇತ್ರದಿಂದ ವೇಗವಾಗಿ ಹೊರದೂಡಿ ನೌಕೆಯನ್ನು ಮುನ್ನಡೆಸುತ್ತಾರೆ. 2007ರಲ್ಲಿ ಹೊರಟ 'ಡಾನ್' ನೌಕೆಯು 425 ಕಿಲೋಗ್ರಾಂ ಕ್ಸೆನಾನನ್ನು ಹೊತ್ತು, ವೆಸ್ಟ ಮತ್ತು ಸೀರೀಸ್‌ಗಳೆರಡನ್ನೂ ಸುತ್ತಿತು. ಬೆಂಗಳೂರಿನಲ್ಲಿ ನಿರ್ಮಿತವಾಗಿ 2017ರಲ್ಲಿ ಹಾರಿದ ಜಿಸ್ಯಾಟ್-9 ಉಪಗ್ರಹದಲ್ಲಿಯೂ ಇಂಥ ವ್ಯವಸ್ಥೆಯಿತ್ತು.

1951ರಿಂದ ಕ್ಸೆನಾನ್ ಅರಿವಳಿಕೆಯಾಗಿಯೂ ಪರಿಚಿತ. ದೇಹದಲ್ಲಿ ಯಾವ ಸಂಯುಕ್ತವೂ ಆಗದೆ ಅದು ಪ್ರಜ್ಞೆಯನ್ನು ಮುಸುಕುತ್ತದೆ. ಕೊಡುವುದನ್ನು ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಉಸಿರಿನೊಡನೆ ಹೊರಬಂದು ರೋಗಿ ಎಚ್ಚರಗೊಳ್ಳುತ್ತಾನೆ. ಅಡ್ಡಿಯಿರುವುದು ಬೆಲೆಯಲ್ಲಿ. ಉಕ್ಕಿನ ಕಾರ್ಖಾನೆಗಳು ಮೊದಲಾದವಕ್ಕೆ ಆಮ್ಲಜನಕವನ್ನು ಒದಗಿಸಲು ಗಾಳಿಯನ್ನು ದ್ರವೀಕರಿಸುವ ಬೃಹತ್ ಸ್ಥಾವರಗಳಲ್ಲಿ, ಉಪೋತ್ಪನ್ನವಾಗಿ ಮಾತ್ರ ಇದು ದೊರೆಯುತ್ತದೆ. ಆದುದರಿಂದ ಅರಿವಳಿಕೆಗೆ ಬಳಸುವಾಗ, ರೋಗಿಯು ಹೊರಬಿಟ್ಟ ಅನಿಲವನ್ನು ಮುಚ್ಚಿದ ನಳಿಗೆಗಳಲ್ಲಿ ತಿರುಗಿಸಿ, ಇಂಗಾಲದ ಡೈಆಕ್ಸೈಡನ್ನು ಹೀರಿ ತೆಗೆದು, ಅವನಿಗೇ ಮತ್ತೆ ಉಸಿರಾಡಲು ಕೊಡುತ್ತಾರೆ.